ಹೊಸಹಳ್ಳಿಯ ಸೌದೆ ಕರೆಂಟು: 1988ರಿಂದ 2004ರವರೆಗಿನ ಒಂದು ಊರಿನ ಲೆಕ್ಕ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಹೊಸಹಳ್ಳಿ ಅಂತ ಒಂದು ಪುಟ್ಟ ಊರು. 2003ರಲ್ಲಿ ಅಲ್ಲಿದ್ದದ್ದು 218 ಜನ, ಸುಮಾರು 35 ಮನೆ. ಈ ಊರಿಗೆ 1988ರಲ್ಲಿ ಕರೆಂಟು ಬಂತು. ಸರ್ಕಾರದ ತಂತಿಯಲ್ಲಿ ಬರಲಿಲ್ಲ. ಊರ ಪಕ್ಕದಲ್ಲೇ ಬೆಳೆಸಿದ ಮರದ ತುಂಡುಗಳಿಂದ ಬಂತು. ಆಮೇಲೆ 14 ವರ್ಷಕ್ಕೂ ಜಾಸ್ತಿ ಕಾಲ ಆ ಊರಿನ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಸ್ವಲ್ಪ ಹೊಲದ ನೀರು, ಎಲ್ಲವೂ ಅದೇ ಸೌದೆಯಿಂದ ನಡೆದವು.

ಗಿಡಮರದಿಂದ ಇಂಧನ ಎಂದ ಕೂಡಲೇ ನಮ್ಮಲ್ಲಿ ಎರಡು ಥರದ ಮಾತು ಕೇಳುತ್ತೇವೆ. ಒಬ್ಬರು ಇದೇ ಮುಂದಿನ ದಾರಿ ಎನ್ನುತ್ತಾರೆ. ಇನ್ನೊಬ್ಬರು ಇದೆಲ್ಲ ಪ್ರಯೋಗಶಾಲೆಯ ಆಟ, ಹಳ್ಳಿಯಲ್ಲಿ ಎರಡು ದಿನ ಓಡಿ ನಿಲ್ಲುತ್ತದೆ ಎನ್ನುತ್ತಾರೆ. ಹೊಸಹಳ್ಳಿ ಇಬ್ಬರ ಮಾತಿಗೂ ಪೂರ್ತಿ ಒಪ್ಪುವುದಿಲ್ಲ. ಅದಕ್ಕೇ ಈ ಊರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಲ್ಲಿ ಯಂತ್ರ ಸೋಲಲಿಲ್ಲ. ಮರಕ್ಕೂ ಬರ ಬರಲಿಲ್ಲ. ಅಲ್ಲಿ ನಿಜವಾಗಿ ಕಷ್ಟ ಕೊಟ್ಟದ್ದು ಬೇರೆಯದೇ ಒಂದು ಸಂಗತಿ. ಹುಟ್ಟಿದ ಕರೆಂಟನ್ನು ಯಾವ ಕೆಲಸಕ್ಕೆ, ಎಷ್ಟು ಹೊತ್ತು ಬಳಸುತ್ತೀರಿ ಅನ್ನುವುದು.

ಉಂಗ್ರದಿಂದ ಶುರು

ಹೊಸಹಳ್ಳಿಯ ಕಥೆ ಹೊಸಹಳ್ಳಿಯಲ್ಲಿ ಶುರುವಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಒಯ್ಯುವುದು ಅದರ ಉದ್ದೇಶ. ನಮ್ಮಲ್ಲಿ ಅನೇಕರ ಮನೆಯಲ್ಲಿ 'ಅಸ್ತ್ರ ಒಲೆ' ಎಂಬ ಮಾತು ಈಗಲೂ ಬಳಕೆಯಲ್ಲಿದೆ. ಕಡಿಮೆ ಸೌದೆ, ಕಡಿಮೆ ಹೊಗೆಯ ಆ ಮಣ್ಣಿನ ಒಲೆ ಇಲ್ಲಿಂದಲೇ ಬಂದದ್ದು.

ಅಸ್ತ್ರದವರು ಕುಣಿಗಲ್ ಹತ್ತಿರದ ಉಂಗ್ರದಲ್ಲಿ ಒಂದು ನೆಲೆ ಮಾಡಿಕೊಂಡರು. ಯಂತ್ರ ತರುವ ಮೊದಲು ಅವರು ಸುತ್ತಲಿನ ಊರುಗಳಲ್ಲಿ ಲೆಕ್ಕ ತೆಗೆದರು. ಯಾರು ಎಷ್ಟು ಹೊತ್ತು ಯಾವ ಕೆಲಸ ಮಾಡುತ್ತಾರೆ, ಎಷ್ಟು ಸೌದೆ ಉರಿಯುತ್ತದೆ, ಎತ್ತು ಎಷ್ಟು ಗಂಟೆ ದುಡಿಯುತ್ತದೆ, ಎಲ್ಲವನ್ನೂ ಬರೆದುಕೊಂಡರು. ಪುರ ಎಂಬ ಊರಿನಲ್ಲಿ ಸಿಕ್ಕ ಅಂಕಿ ಇಂದಿಗೂ ಮನಸ್ಸಿಗೆ ನಾಟುತ್ತದೆ. ಊರಿನ ಒಟ್ಟು ಮನುಷ್ಯ ದುಡಿಮೆಯಲ್ಲಿ ಹೆಂಗಸರ ಪಾಲು 53%. ಗಂಡಸರದು 31%. ಉಳಿದದ್ದು ಮಕ್ಕಳದ್ದು. ಸೌದೆ ಒಟ್ಟು ಮಾಡುವುದಕ್ಕೇ ಒಂದು ಮನೆಗೆ ದಿನಕ್ಕೆ ಸರಾಸರಿ 2.6 ಗಂಟೆ, ನೀರು ತರುವುದಕ್ಕೆ 1.5 ಗಂಟೆ.

ಪುರದಲ್ಲಿ ಅವರು ಮೊದಲು ಯೋಚಿಸಿದ್ದು ಸಗಣಿ ಅನಿಲದ ಒಲೆ. ಅದು ನಡೆಯಲಿಲ್ಲ. ಎಲ್ಲ ಮನೆಯ ಅಡುಗೆಗೆ ಬೇಕಾದಷ್ಟು ಸಗಣಿ ಇರಲಿಲ್ಲ. ಸೌದೆಗೆ ದುಡ್ಡು ಕೊಡದೆ ಒಲೆ ಉರಿಸುತ್ತಿದ್ದ ಮನೆಗಳಿಗೆ ಅಡುಗೆ ಅನಿಲ ದೊಡ್ಡ ಬೇಡಿಕೆಯೂ ಆಗಿರಲಿಲ್ಲ. ಊರಿಗೆ ಮೊದಲು ಬೇಕಾದದ್ದು ಶುದ್ಧ ನೀರು. ಆಗ ಯೋಜನೆಯನ್ನೇ ತಿರುಗಿಸಿದರು. ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿ, ಮನೆಗೆ ದೀಪ ಕೊಟ್ಟರು. 1987ರಿಂದ ಅದು ನಡೆಯಿತು. ಹೊಸಹಳ್ಳಿಗೆ ಕಾಲಿಡುವಾಗ ಅವರ ಕೈಯಲ್ಲಿ ಈ ಪಾಠ ಇತ್ತು. ಜನಕ್ಕೆ ಬೇಕಾದದ್ದು ಕರೆಂಟು ಅಲ್ಲ. ಕರೆಂಟಿನಿಂದ ಆಗುವ ಕೆಲಸ.

ಊದುಕೊಳವೆ ಮತ್ತು ಗ್ಯಾಸಿಫೈಯರ್

ಹೊಸಹಳ್ಳಿಯಲ್ಲಿ ಸಗಣಿ ಬದಲು ಸೌದೆ. ಸೌದೆಯನ್ನು ಅನಿಲ ಮಾಡುವ ಯಂತ್ರಕ್ಕೆ ಗ್ಯಾಸಿಫೈಯರ್ ಎನ್ನುತ್ತಾರೆ. ಹೆಸರು ಕೇಳಿ ಗಾಬರಿ ಆಗಬೇಕಿಲ್ಲ. ಸೌದೆ ಒಲೆ ನೋಡಿದವರಿಗೆ ಇದು ಅರ್ಧ ಗೊತ್ತಿರುವ ವಿಷಯವೇ.

ಒಲೆಗೆ ಸೌದೆ ಇಟ್ಟು ಕಿಚ್ಚು ಹತ್ತಿಸಿದಾಗ ಕಟ್ಟಿಗೆ ನೇರವಾಗಿ ಉರಿಯುವುದಿಲ್ಲ. ಮೊದಲು ಬಿಸಿಗೆ ಅದರೊಳಗಿಂದ ಹೊಗೆ ಏಳುತ್ತದೆ. ಆ ಹೊಗೆಗೆ ಬೆಂಕಿ ಹತ್ತುತ್ತದೆ. ಕಣ್ಣಿಗೆ ಕಾಣುವ ಉರಿ ಅದೇ. ಹೊಗೆ ಎಲ್ಲ ಹೋದ ಮೇಲೆ ಉಳಿಯುವುದು ಕೆಂಡ. ಅಜ್ಜಿ ಊದುಕೊಳವೆ ಹಿಡಿದು ಊದಿದಾಗ ಮಾಡುತ್ತಿದ್ದದ್ದು ಗಾಳಿಯನ್ನು ಸರಿಯಾದ ಜಾಗಕ್ಕೆ ಕೊಡುವುದು. ಗ್ಯಾಸಿಫೈಯರಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬೇಕೆಂದೇ ಗಾಳಿ ಕಡಿಮೆ ಕೊಡುತ್ತಾರೆ. ಒಂದು ಕಿಲೋ ಒಣ ಸೌದೆ ಪೂರ್ತಿ ಉರಿಯಲು ಸುಮಾರು 6 ಕಿಲೋ ಗಾಳಿ ಬೇಕು. ಇಲ್ಲಿ ಕೊಡುವುದು 2 ಕಿಲೋಕ್ಕಿಂತ ಕಡಿಮೆ. ಹಾಗಾಗಿ ಹೊಗೆ ಪೂರ್ತಿ ಉರಿಯುವುದಿಲ್ಲ. ಅದು ಕೆಂಡದ ಹಾಸಿನ ಮೂಲಕ ಕೆಳಗೆ ಹಾದು ಹೋಗುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕವಾಗಿ ಬದಲಾಗುತ್ತದೆ. ಎರಡೂ ಉರಿಯುವ ಅನಿಲಗಳು. ಹೊರಬರುವ ಮಿಶ್ರಣದಲ್ಲಿ ಇವೆರಡೂ ತಲಾ ಐದನೇ ಒಂದು ಭಾಗದ ಹತ್ತಿರ ಇರುತ್ತವೆ. ಅರ್ಧದಷ್ಟು ಗಾಳಿಯ ಸಾರಜನಕವೇ. ಅದಕ್ಕೇ ಈ ಅನಿಲ ಬಡಕಲು. ನಮ್ಮ ಸಿಲಿಂಡರ್ ಗ್ಯಾಸಿನ ಶಕ್ತಿ ಇದಕ್ಕಿಲ್ಲ. ಆದರೂ ಎಂಜಿನ್ ಓಡಿಸಲು ಸಾಕು.

ಕಷ್ಟ ಇರುವುದು ಡಾಂಬರಿನಂಥ ಜಿಗುಟಿನಲ್ಲಿ. ಒಲೆಯ ಮೇಲಿನ ಗೋಡೆಗೆ ಕಪ್ಪಗೆ ಅಂಟಿಕೊಳ್ಳುತ್ತದಲ್ಲ, ಅದೇ ವಸ್ತು. ಅದು ಎಂಜಿನ್ ಒಳಗೆ ಹೋದರೆ ಕವಾಟ ಹಿಡಿದುಕೊಂಡು ಯಂತ್ರ ಕೆಟ್ಟಿತು ಅಂತಲೇ. ವಿಜ್ಞಾನ ಸಂಸ್ಥೆಯಲ್ಲಿ ಈ ಗಂಟು ಬಿಡಿಸಿದವರಲ್ಲಿ ಎಚ್.ಎಸ್. ಮುಕುಂದ ಅವರು ಮುಖ್ಯರು. ಅವರದು ರಾಕೆಟ್ಟಿನೊಳಗೆ ಇಂಧನ ಹೇಗೆ ಉರಿಯುತ್ತದೆ ಎಂದು ನೋಡುವ ಕಸುಬು. ಆ ಜ್ಞಾನವನ್ನು ಸೌದೆಯ ತುಂಡಿಗೆ ತಂದರು. ಅವರ ತಂಡದ ವಿನ್ಯಾಸದಲ್ಲಿ ಮೇಲ್ಭಾಗ ತೆರೆದೇ ಇರುತ್ತದೆ. ಗಾಳಿ ಮೇಲಿನಿಂದಲೂ ಬರುತ್ತದೆ, ಪಕ್ಕದ ನಳಿಕೆಯಿಂದಲೂ ಬರುತ್ತದೆ. ಇದರಿಂದ ಬಿಸಿ ಕೆಂಡದ ಹಾಸು ಉದ್ದವಾಗುತ್ತದೆ. ಜಿಗುಟು ಅಷ್ಟು ಉದ್ದ ಹಾದು ಬರುವಷ್ಟರಲ್ಲಿ ಬಹುಪಾಲು ಒಡೆದು ಹೋಗುತ್ತದೆ. ಉಳಿದದ್ದನ್ನು ನೀರಿನಲ್ಲಿ ತೊಳೆದು, ಮರಳಿನಲ್ಲಿ ಸೋಸಿ, ಎಂಜಿನ್ನಿಗೆ ಬಿಡುತ್ತಾರೆ. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ದೇಶದ ಅತಿ ದೊಡ್ಡ ಪ್ರಯೋಗಶಾಲೆಯೊಂದು ಒಲೆಯ ಹೊಗೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿತು.

ಹೊಸಹಳ್ಳಿಯಲ್ಲಿ ಶುರುವಿನಲ್ಲಿ ಇಟ್ಟದ್ದು ಸಣ್ಣ ಯಂತ್ರ, 3.7 ಕಿಲೋವಾಟಿನದು. ನಮ್ಮ ತೋಟದ 5 ಎಚ್‌ಪಿ ಡೀಸೆಲ್ ಪಂಪಿನಷ್ಟು. ಆಮೇಲೆ 20 ಕಿಲೋವಾಟಿಗೆ ಏರಿಸಿದರು. ಎಂಜಿನ್ ಮಾತ್ರ ಡೀಸೆಲ್ಲಿನದೇ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಬರೀ ಒತ್ತಡಕ್ಕೆ ಸೌದೆ ಅನಿಲ ಹೊತ್ತಿಕೊಳ್ಳುವುದೂ ಇಲ್ಲ. ಅದಕ್ಕೆ ಸ್ವಲ್ಪ ಡೀಸೆಲ್ ಹೋಗುತ್ತಲೇ ಇರಬೇಕು. ಎಲ್ಲ ಸರಿಯಾಗಿದ್ದರೆ ಡೀಸೆಲ್ ಖರ್ಚಿನಲ್ಲಿ 85%ರಷ್ಟು ಉಳಿಯುತ್ತದೆ. ಅನಿಲ ಕೈಕೊಟ್ಟ ದಿನ ಬರೀ ಡೀಸೆಲ್ಲಿನಲ್ಲೂ ಓಡುತ್ತದೆ. ಹಳ್ಳಿಗೆ ಇದು ದೊಡ್ಡ ಧೈರ್ಯ.

ಸೌದೆ ಎಲ್ಲಿಂದ

ಸೌದೆಗಾಗಿ ಊರ ಪಕ್ಕದ ಕೆಲವು ಹೆಕ್ಟೇರ್ ಜಮೀನಿನಲ್ಲಿ ಮರ ಬೆಳೆಸಿದರು. ನೀಲಗಿರಿ, ಅಕೇಶಿಯಾ, ಸೀಮೆ ತಂಗಡಿಯಂಥ ಬೇಗ ಬೆಳೆಯುವ ಜಾತಿಗಳು. ಇದಕ್ಕೆ 'ಇಂಧನ ವನ' ಎಂದು ಹೆಸರು.

ಎಷ್ಟು ಜಮೀನು ಬೇಕು? ನಾವೇ ಒಂದು ಲೆಕ್ಕ ಹಾಕಿ ನೋಡೋಣ. ಇಂಥ ಯಂತ್ರದಲ್ಲಿ ಒಂದು ಯೂನಿಟ್ ಕರೆಂಟಿಗೆ ಒಂದು ಕಿಲೋದಿಂದ ಒಂದೂಕಾಲು ಕಿಲೋ ಒಣ ಸೌದೆ ಬೇಕು. ದಿನಕ್ಕೆ 20 ಯೂನಿಟ್ ಹುಟ್ಟಿಸಿದರೆ ಸುಮಾರು 24 ಕಿಲೋ ಸೌದೆ. ವರ್ಷಕ್ಕೆ 9 ಟನ್ನಿನ ಹತ್ತಿರ. ಮಳೆ ನಂಬಿದ ಜಮೀನಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ 5 ಟನ್ ಮರ ಬೆಳೆಯುತ್ತದೆ ಎಂದುಕೊಳ್ಳೋಣ. ಹಾಗಾದರೆ ಸುಮಾರು ನಾಲ್ಕೂವರೆ ಎಕರೆ ಸಾಕು. 35 ಮನೆಯ ಊರಿಗೆ ಇದು ಹೊರೆ ಅಲ್ಲ. ಗೋಮಾಳದ ಒಂದು ಮೂಲೆ, ಕೆರೆಯ ಹಿಂದಿನ ಬೀಳು ಸಾಕು.

ಮರ ಇದ್ದರೆ ಆಯಿತೇ? ಆಗುವುದಿಲ್ಲ. ನಾಲ್ಕು ಅಡಿ ಕೊಂಬೆಯನ್ನು ಗ್ಯಾಸಿಫೈಯರ್ ನುಂಗುವುದಿಲ್ಲ. ಅದಕ್ಕೆ ಬೇಕಾದದ್ದು ಬೆಂಕಿಪೊಟ್ಟಣದ ಗಾತ್ರದ ತುಂಡು. ತುಂಡು ದೊಡ್ಡದಾದರೆ ಒಳಗೆ ಅಡ್ಡ ಸಿಕ್ಕಿಕೊಂಡು ನಡುವೆ ಪೊಳ್ಳು ಬೀಳುತ್ತದೆ. ಪುಡಿಯಾದರೆ ಗಾಳಿ ಹೋಗುವ ದಾರಿ ಮುಚ್ಚುತ್ತದೆ. ತೇವ ನೂರಕ್ಕೆ ಹದಿನೈದರ ಆಸುಪಾಸಿಗೆ ಇಳಿದಿರಬೇಕು. ಹಸಿ ಸೌದೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಮಳೆಗಾಲದಲ್ಲಿ ಅದನ್ನು ಒಣಗಿಸುವುದು ಎಲ್ಲಿ? ಆಷಾಢದ ಗಾಳಿ, ಶ್ರಾವಣದ ಜಡಿ ಮಳೆ ನೋಡಿದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಬೇಸಿಗೆಯಲ್ಲೇ ಕಡಿದು, ತುಂಡು ಮಾಡಿ, ಸೂರಿನ ಕೆಳಗೆ ಪೇರಿಸಿ ಇಟ್ಟಿರಬೇಕು. ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಸೌದೆ ಕೂಡಿಡುವುದಿಲ್ಲವೇ, ಹಾಗೇ. ಆದರೆ ಮನೆಗೆ ಇದು ಅಮ್ಮ ಮರೆಯದ ಕೆಲಸ. ಊರಿನ ಯಂತ್ರಕ್ಕೆ ಇದನ್ನು ಮರೆಯದವರು ಯಾರು?

ಹೊಸಹಳ್ಳಿಯಲ್ಲಿ ಆ ಕೆಲಸಕ್ಕೆ ಊರಿನ ಹುಡುಗರನ್ನೇ ತಯಾರು ಮಾಡಿದರು. ತುಂಡು ಕತ್ತರಿಸುವುದು, ತುಂಬುವುದು, ಬೂದಿ ತೆಗೆಯುವುದು, ಸೋಸುಗ ತೊಳೆಯುವುದು, ಪುಸ್ತಕದಲ್ಲಿ ಬರೆಯುವುದು ಅವರ ಪಾಲು. ದರ, ವಸೂಲಿ, ತಕರಾರು ಊರಿನ ಸಮಿತಿಯ ಪಾಲು. ವಿಜ್ಞಾನಿಗಳು ದೂರ ಇದ್ದರೂ ಕೈಬಿಡಲಿಲ್ಲ. ಇಷ್ಟು ವರ್ಷ ಅದು ನಡೆದಿದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ಸಬ್ಸಿಡಿ ಕೊಟ್ಟು, ರಿಬ್ಬನ್ ಕತ್ತರಿಸಿ, ಬೀಗದ ಕೈ ಪಂಚಾಯ್ತಿಗೆ ಕೊಟ್ಟು ಹೋಗಿದ್ದರೆ ಎರಡನೇ ಮಳೆಗಾಲ ದಾಟುತ್ತಿರಲಿಲ್ಲ.

5.85 ಮತ್ತು 3.34

ಈಗ ಈ ಪ್ರಕರಣದ ನಡುಮಧ್ಯಕ್ಕೆ ಬರೋಣ. 2004ರಲ್ಲಿ ಅದೇ ವಿಜ್ಞಾನ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್ ಮತ್ತು ಅವರ ಜೊತೆಗಾರರು ಹೊಸಹಳ್ಳಿಯ ಪೂರ್ತಿ ಲೆಕ್ಕವನ್ನು ಪ್ರಕಟಿಸಿದರು. ಅದರಲ್ಲಿ ಎರಡು ಅಂಕಿ ಇವೆ. ಯಂತ್ರದ ಮೇಲೆ 5 ಕಿಲೋವಾಟ್ ಹೊರೆ (ಒಂದೇ ಹೊತ್ತಿಗೆ ಎಳೆಯುವ ಕರೆಂಟು) ಇದ್ದಾಗ ಇಂಧನ, ನಡೆಸುವ ಖರ್ಚು, ರಿಪೇರಿ ಸೇರಿ ಒಂದು ಯೂನಿಟ್ಟಿಗೆ 5 ರೂಪಾಯಿ 85 ಪೈಸೆ. ಅದೇ ಯಂತ್ರದ ಮೇಲೆ 20 ಕಿಲೋವಾಟ್ ಹೊರೆ ಹಾಕಿದಾಗ 3 ರೂಪಾಯಿ 34 ಪೈಸೆ.

ಊರು ಅದೇ, ಯಂತ್ರ ಅದೇ, ಸೌದೆ ಅದೇ. ಬೆಲೆ ಮಾತ್ರ ಅರ್ಧದ ಹತ್ತಿರಕ್ಕೆ ಇಳಿಯಿತು. ಯಾಕೆ?

ಒಂದು ಉದಾಹರಣೆ ನೋಡೋಣ. ಯಂತ್ರ ನೋಡಿಕೊಳ್ಳುವವನಿಗೆ ಒಂದು ಸಂಜೆಗೆ 50 ರೂಪಾಯಿ ಕೂಲಿ ಎಂದುಕೊಳ್ಳಿ. ನಾಲ್ಕು ಗಂಟೆ 5 ಕಿಲೋವಾಟ್ ಓಡಿಸಿದರೆ 20 ಯೂನಿಟ್. ಕೂಲಿ ಯೂನಿಟ್ಟಿಗೆ ಎರಡೂವರೆ ರೂಪಾಯಿ ಬಿತ್ತು. ಅದೇ ನಾಲ್ಕು ಗಂಟೆ 20 ಕಿಲೋವಾಟ್ ಓಡಿಸಿದರೆ 80 ಯೂನಿಟ್. ಕೂಲಿ 62 ಪೈಸೆಗೆ ಇಳಿಯಿತು. ಅವನು ಅಷ್ಟೇ ಹೊತ್ತು ಕೂತಿದ್ದ, ಅಷ್ಟೇ ಬೆವರಿದ. ಇದರ ಜೊತೆಗೆ, ಎಂಜಿನ್ ಅರೆಹೊಟ್ಟೆಯಲ್ಲಿ ಓಡುವಾಗ ಡೀಸೆಲ್ಲಿನ ಪಾಲು ಹೆಚ್ಚಾಗುತ್ತದೆ. ಗ್ಯಾಸಿಫೈಯರಿನ ಕೆಂಡದ ಹಾಸೂ ಅಷ್ಟು ಬಿಸಿ ಏರುವುದಿಲ್ಲ. ಜಿಗುಟು ಜಾಸ್ತಿ ಬರುತ್ತದೆ. ಸೋಸುಗ ಬೇಗ ಕಟ್ಟಿಕೊಳ್ಳುತ್ತದೆ.

ಈಗ ದೀಪದ ಹೊರೆ ಎಷ್ಟು ಎಂದು ನೋಡಿ. 35 ಮನೆ. ಮನೆಗೆ ಒಂದು 40 ವಾಟ್ ಟ್ಯೂಬು, ಒಂದು ಸಣ್ಣ ಬಲ್ಬು ಎಂದುಕೊಂಡರೂ ಒಟ್ಟು 2 ಕಿಲೋವಾಟ್ ದಾಟುವುದಿಲ್ಲ. 20 ಕಿಲೋವಾಟ್ ಯಂತ್ರವನ್ನು 2 ಕಿಲೋವಾಟಿಗೆ ಓಡಿಸುವುದೆಂದರೆ ಒಬ್ಬರನ್ನು ಹೊರಲು ಬಸ್ಸು ಕಟ್ಟಿದಂತೆ. ಬರೀ ದೀಪದಿಂದ ಈ ಯಂತ್ರ ಬದುಕುವುದಿಲ್ಲ. ದೀಪ ಬಂದಾಗ ಊರಿಗೆ ಹಬ್ಬ. ನಿಜ. ಮಕ್ಕಳು ಓದಿದರು, ರಾತ್ರಿ ಹಾವುಚೇಳಿನ ಹೆದರಿಕೆ ಕಡಿಮೆ ಆಯಿತು, ಸೀಮೆಎಣ್ಣೆಗೆ ಸೊಸೈಟಿ ಮುಂದೆ ನಿಲ್ಲುವುದು ತಪ್ಪಿತು. ಆದರೆ ಯಂತ್ರದ ಖರ್ಚು ಹುಟ್ಟಬೇಕಾದದ್ದು ಬೇರೆ ಕಡೆಯಿಂದ.

ಅದಕ್ಕೇ ಹಿಟ್ಟಿನ ಗಿರಣಿ ಬಂತು. ಕುಣಿಗಲ್ ಸೀಮೆ ರಾಗಿಯ ಸೀಮೆ. ದಿನವೂ ಮುದ್ದೆ ಬೇಕು, ಹಿಟ್ಟು ಬೇಕು. ಊರಲ್ಲೇ ಗಿರಣಿ ಇದ್ದರೆ ರಾಗಿ ಚೀಲ ಹೊತ್ತು ಬೇರೆ ಊರಿಗೆ ನಡೆಯಬೇಕಿಲ್ಲ. ಗಿರಣಿ ಒಳ್ಳೆಯ ಹೊರೆ. ಮೋಟಾರು ದೊಡ್ಡದು. ಮೇಲಾಗಿ ಜನ ಹಿಟ್ಟು ಬೀಸಿದ ದುಡ್ಡನ್ನು ಅಲ್ಲೇ ಕೊಡುತ್ತಾರೆ. ಕುಡಿಯುವ ನೀರಿನ ಪಂಪು ಇನ್ನೊಂದು. ಮನೆಬಾಗಿಲ ನಲ್ಲಿಗೆ ನೀರು ಬಂದಾಗ ಉಳಿದದ್ದು ಹೆಂಗಸರ ಹೊತ್ತು. ಪುರದ ಆ ಒಂದೂವರೆ ಗಂಟೆ ನೆನಪಿಸಿಕೊಳ್ಳಿ. ಅದು ಯಾವ ಯೂನಿಟ್ ದರದಲ್ಲೂ ಕಾಣುವುದಿಲ್ಲ.

ಅತಿ ದೊಡ್ಡ ಹೊರೆ ಆಗಬೇಕಾದದ್ದು ಹೊಲದ ನೀರು. 20 ಕಿಲೋವಾಟ್ ತುಂಬಿಸಬಲ್ಲದ್ದು ಅದೊಂದೇ. ಇಲ್ಲೇ ಒಂದು ತೊಡಕಿದೆ. ನಮ್ಮ ರಾಜ್ಯದಲ್ಲಿ ರೈತರ ಪಂಪ್‌ಸೆಟ್ಟಿಗೆ ಸರ್ಕಾರದ ಕರೆಂಟು ಪುಕ್ಕಟೆ. 10 ಎಚ್‌ಪಿವರೆಗೆ ಬಿಲ್ಲೇ ಇಲ್ಲ. ಪಕ್ಕದ ಊರಿನ ರೈತ ಪುಕ್ಕಟೆ ನೀರೆತ್ತುವಾಗ ಹೊಸಹಳ್ಳಿಯ ರೈತ ತನ್ನ ಊರಿನ ಯಂತ್ರಕ್ಕೆ ಗಂಟೆಗೆ ಇಷ್ಟು ಎಂದು ಕೊಡಬೇಕು. ಎಷ್ಟು ದಿನ ಕೊಟ್ಟಾನು? ಅವನ ತಪ್ಪಲ್ಲ ಅದು. ಸೌದೆ ಕರೆಂಟಿನ ಬೆಲೆ ಮೂರೂಕಾಲು ರೂಪಾಯಿ ಎಂದು ಪುಸ್ತಕ ಹೇಳುತ್ತದೆ. ಪುಕ್ಕಟೆಯ ಎದುರು ಮೂರೂಕಾಲು ಕೂಡ ಜಾಸ್ತಿಯೇ. ಆ ಪುಕ್ಕಟೆ ಕರೆಂಟಿನ ನಿಜವಾದ ಖರ್ಚನ್ನು ಯಾರೋ ಎಲ್ಲೋ ಕಟ್ಟುತ್ತಿದ್ದಾರೆ. ಆದರೆ ಅದು ಹೊಸಹಳ್ಳಿಯ ಸಮಿತಿಯ ಖಾತೆ ಪುಸ್ತಕದಲ್ಲಿ ಬರುವುದಿಲ್ಲವಲ್ಲ. ಈ ಅಂಶವನ್ನು ಬಿಟ್ಟು ಸೌದೆ ಕರೆಂಟು ದುಬಾರಿ ಎಂದು ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಹೊರೆ ಹೆಚ್ಚಾದರೆ ಬೆಲೆ ಇಳಿಯುತ್ತದೆ. ಸೌದೆಯೂ ಅಷ್ಟೇ ಪಟ್ಟು ಹೆಚ್ಚು ಬೇಕು. 20 ಯೂನಿಟ್ಟಿಗೆ ನಾಲ್ಕೂವರೆ ಎಕರೆ ಎಂದಿದ್ದೆವು. ದಿನಾ 80 ಯೂನಿಟ್ಟಿಗೆ ಹದಿನೇಳು ಹದಿನೆಂಟು ಎಕರೆ. ಯಂತ್ರ ತುಂಬಿಸಲು ಹೊರಟರೆ ಜಮೀನು ಹಿಗ್ಗುತ್ತದೆ. ಜಮೀನು ಕಡಿಮೆ ಮಾಡಲು ಹೊರಟರೆ ಬೆಲೆ ಏರುತ್ತದೆ. ಊರಿನ ಸಮಿತಿ ಈ ಎರಡರ ನಡುವೆ ತನ್ನ ಜಾಗ ಹುಡುಕಿಕೊಳ್ಳಬೇಕು.

ನೂರಕ್ಕೆ ಎಂಬತ್ತೈದು ದಿನ

ಅದೇ ಲೆಕ್ಕದಲ್ಲಿ ಇನ್ನೊಂದು ಮಾತಿದೆ. ಕೊನೆಯ ಆರು ವರ್ಷಗಳಲ್ಲಿ 85%ಕ್ಕೂ ಹೆಚ್ಚು ದಿನ ದೀಪ ಮತ್ತು ನಲ್ಲಿ ನೀರು ಸಿಕ್ಕಿದೆ. ತಿರುಗಿಸಿ ನೋಡಿದರೆ ವರ್ಷಕ್ಕೆ ಹೆಚ್ಚೆಂದರೆ ಐವತ್ತೈದು ದಿನ ಸಿಕ್ಕಿಲ್ಲ. ಪಟ್ಟಣದಲ್ಲಿ ಕೂತು ನೋಡಿದರೆ ಇದು ಕಡಿಮೆ ಅನ್ನಿಸಬಹುದು. ತೊಂಬತ್ತರ ದಶಕದಲ್ಲಿ ಹಳ್ಳಿಯಲ್ಲಿ ಬೆಳೆದವರಿಗೆ ಹಾಗನ್ನಿಸುವುದಿಲ್ಲ. ಆಗ ತಂತಿ ಇದ್ದ ಊರಲ್ಲೂ ಸಂಜೆ ಊಟದ ಹೊತ್ತಿಗೆ ದೀಪ ಹೋಗುತ್ತಿತ್ತು. ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೋ ಎಂದು ಜನ ರಾತ್ರಿ ತೋಟದಲ್ಲಿ ಕಾದಿದ್ದಾರೆ. ಸೌದೆಯಿಂದ ಓಡುವ, ಹಳ್ಳಿ ಹುಡುಗರು ನಡೆಸುವ ಒಂದು ಯಂತ್ರ ಇಷ್ಟು ದಿನ ಕೊಟ್ಟಿದ್ದು ಸಣ್ಣದಲ್ಲ.

ಇಂಥ ಘಟಕ ನಿಲ್ಲುವುದಕ್ಕೆ ಕಾರಣ ಹೆಚ್ಚಾಗಿ ದೊಡ್ಡದಿರುವುದಿಲ್ಲ. ಬ್ಯಾಟರಿ ಇಳಿದಿರುತ್ತದೆ. ಬೆಲ್ಟು ಹರಿದಿರುತ್ತದೆ. ಸೋಸುಗ ಕಟ್ಟಿರುತ್ತದೆ. ಇನ್ನೂರು ರೂಪಾಯಿಯ ಬಿಡಿಭಾಗಕ್ಕೆ ತುಮಕೂರಿಗೆ ಹೋಗಿ ಬರಬೇಕು. ನಡೆಸುವ ಹುಡುಗನ ಮನೆಯಲ್ಲಿ ಮದುವೆ ಇರುತ್ತದೆ. ದೊಡ್ಡ ವಿದ್ಯುತ್ ಕೇಂದ್ರದಲ್ಲಿ ಇವಕ್ಕೆಲ್ಲ ಇನ್ನೊಬ್ಬರು ಇರುತ್ತಾರೆ. 218 ಜನರ ಊರಿನಲ್ಲಿ ಇನ್ನೊಬ್ಬರು ಎಂದರೆ ಒಬ್ಬರೋ ಇಬ್ಬರೋ.

ಊರಿನಿಂದ ಜಿಲ್ಲೆಗೆ

ಹೊಸಹಳ್ಳಿ ನಡೆದದ್ದನ್ನು ನೋಡಿ ಅದೇ ಕೆಲಸವನ್ನು ದೊಡ್ಡದಾಗಿ ಮಾಡಲು ಹೊರಟರು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ರಾಜ್ಯ ಸರ್ಕಾರ ಸೇರಿ ತುಮಕೂರು ಜಿಲ್ಲೆಯಲ್ಲೇ 'ಬೆರಿ' (ಬಯೋಮಾಸ್ ಎನರ್ಜಿ ಫಾರ್ ರೂರಲ್ ಇಂಡಿಯಾ) ಎಂಬ ಯೋಜನೆ ತಂದವು. ಅದರ ಮುಖ್ಯ ಘಟಕ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ. 500 ಕಿಲೋವಾಟ್. ಇಲ್ಲಿ ಬರೀ ಸೌದೆ ಅನಿಲದಲ್ಲೇ ಓಡುವ, ಡೀಸೆಲ್ ಬೇಡದ ಎಂಜಿನ್ನುಗಳೂ ಬಂದವು. ಹುಟ್ಟಿದ ಕರೆಂಟು ಊರಿಗೆ ಮಾತ್ರ ಅಲ್ಲ, ಬೆಸ್ಕಾಂ ತಂತಿಗೂ ಹೋಯಿತು. ಒಂದು ಗ್ರಾಮ ಪಂಚಾಯ್ತಿ ಸೌದೆಯಿಂದ ಕರೆಂಟು ಮಾಡಿ ಕಂಪನಿಗೆ ಮಾರಿತು ಎಂದರೆ ಆ ಕಾಲಕ್ಕೆ ದೊಡ್ಡ ಸುದ್ದಿ.

ಹೊರೆಯ ತೊಂದರೆ ಇಲ್ಲಿ ತೀರಿತು. ತಂತಿಗೆ ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತದೆ. ಗಿರಣಿ ಬೇಕಿಲ್ಲ, ಪಂಪು ಬೇಕಿಲ್ಲ. ಆದರೆ ತೊಂದರೆ ಇನ್ನೊಂದು ಬಾಗಿಲಿಂದ ಒಳಗೆ ಬಂತು. ಬೆಸ್ಕಾಂ ಕೊಟ್ಟ ದರ ಯೂನಿಟ್ಟಿಗೆ 2 ರೂಪಾಯಿ 85 ಪೈಸೆ. ಇಲ್ಲಿನ 100 ಕಿಲೋವಾಟ್ ಎಂಜಿನ್ನನ್ನು ಅಳೆದಾಗ ಒಂದು ಯೂನಿಟ್ಟಿಗೆ ಸುಮಾರು 1.36 ಕಿಲೋ ಸೌದೆ ಬೇಕಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 2.85ನ್ನು 1.36ರಿಂದ ಭಾಗಿಸಿದರೆ 2 ರೂಪಾಯಿ 10 ಪೈಸೆ. ಅಂದರೆ ಕಡಿದು, ತುಂಡು ಮಾಡಿ, ಒಣಗಿಸಿದ ಒಂದು ಕಿಲೋ ಸೌದೆ 2 ರೂಪಾಯಿ 10 ಪೈಸೆಗೆ ಬಿದ್ದರೆ ಮಾರಾಟದ ದುಡ್ಡೆಲ್ಲ ಸೌದೆಗೇ ಹೋಯಿತು. ಕೂಲಿಗೆ ಒಂದು ಪೈಸೆ ಉಳಿಯಲಿಲ್ಲ, ಎಂಜಿನ್ ಎಣ್ಣೆಗೆ ಉಳಿಯಲಿಲ್ಲ.

ಜಮೀನಿನ ಲೆಕ್ಕವೂ ಬೇರೆಯೇ ಆಗುತ್ತದೆ. 500 ಕಿಲೋವಾಟ್ ದಿನಕ್ಕೆ 20 ಗಂಟೆ ಓಡಿದರೆ 10,000 ಯೂನಿಟ್. ಅದಕ್ಕೆ ದಿನಕ್ಕೆ ಹದಿಮೂರೂವರೆ ಟನ್ ಒಣ ಸೌದೆ. ವರ್ಷಕ್ಕೆ 300 ದಿನ ಎಂದರೆ 4,000 ಟನ್ ದಾಟುತ್ತದೆ. ಹೆಕ್ಟೇರಿಗೆ 5 ಟನ್ನಿನಂತೆ 800 ಹೆಕ್ಟೇರ್, ಅಂದರೆ ಸುಮಾರು 2,000 ಎಕರೆ ಮರ ಬೇಕು. ಹೊಸಹಳ್ಳಿಯ ನಾಲ್ಕೂವರೆ ಎಕರೆಯಿಂದ ಎರಡು ಸಾವಿರ ಎಕರೆಗೆ ಬಂದೆವು. ಊರಿನ ಬೀಳಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಲಾರಿ ಬೇಕು, ಗುತ್ತಿಗೆದಾರ ಬೇಕು, ಹತ್ತಾರು ಊರಿನ ಮರ ಬೇಕು.

ಇಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಆ ಮರಕ್ಕೆ ಗಿರಾಕಿ ಒಬ್ಬನೇ ಅಲ್ಲ. ನೇರವಾಗಿ ಬೆಳೆದ ನೀಲಗಿರಿ ಸೆಂಟ್ರಿಂಗ್ ಕಂಬಕ್ಕೆ ಹೋಗುತ್ತದೆ. ಕಾಗದದ ಕಾರ್ಖಾನೆಗೂ, ರೇಯಾನ್ ನೂಲಿನ ತಿರುಳಿಗೂ ಹೋಗುತ್ತದೆ. ಕಂಬವಾಗಿ, ತಿರುಳಾಗಿ ಹೆಚ್ಚಿನ ಬೆಲೆ ಸಿಗುವ ಮರವನ್ನು ತುಂಡು ಮಾಡಿ ಉರಿಸಲು ರೈತ ಯಾಕೆ ಕೊಡುತ್ತಾನೆ? ಉರಿಸಲು ಉಳಿಯುವುದು ತುದಿ, ಕೊಂಬೆ, ಸೊಟ್ಟ ಕಟ್ಟಿಗೆ. ನನಗೆ ಇದೇ ಸರಿಯಾದ ಹಂಚಿಕೆ ಅನ್ನಿಸುತ್ತದೆ. ವಸ್ತುವಾಗಬಲ್ಲ ಮರ ಮೊದಲು ವಸ್ತುವಾಗಲಿ. ಬೇರೆ ಯಾವುದಕ್ಕೂ ಆಗದ್ದು ಒಲೆಗೆ ಹೋಗಲಿ. ತಿಪಟೂರು, ಗುಬ್ಬಿ, ತುರುವೇಕೆರೆಯ ಕಡೆ ತೆಂಗಿನ ಚಿಪ್ಪು, ಗರಿ, ಮಟ್ಟೆ ರಾಶಿ ರಾಶಿ ಬೀಳುತ್ತದೆ. ಅದರಲ್ಲೂ ಚಿಪ್ಪಿಗೆ ಈಗ ಇದ್ದಿಲಿನ ವ್ಯಾಪಾರ ಬಂದಿದೆ. ನಾರು ಹಗ್ಗಕ್ಕೆ, ಹಾಸಿಗೆಗೆ ಹೋಗುತ್ತದೆ. ಉಳಿಯುವುದು ಗರಿ, ಮಟ್ಟೆ. ಅವನ್ನು ಗ್ಯಾಸಿಫೈಯರಿಗೆ ಒಗ್ಗುವ ತುಂಡು ಮಾಡುವುದು ನೀಲಗಿರಿಗಿಂತ ಕಷ್ಟ, ಆದರೆ ಅದಕ್ಕೆ ಒಂದು ಗುಂಟೆಯೂ ಹೆಚ್ಚಿನ ಜಮೀನು ಬೇಡ.

ನೀಲಗಿರಿಯ ಮೇಲೆ ಬರೆಯುವಾಗ ನೀರಿನ ಮಾತು ಬಿಡುವಂತಿಲ್ಲ. ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರು ವರ್ಷಗಟ್ಟಲೆ ಇದರ ಬಗ್ಗೆ ದನಿ ಎತ್ತಿದರು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹೊಸಹಳ್ಳಿಯಂಥ ವನವನ್ನು ಇವತ್ತು ಬೆಳೆಸುವವರು ಬೇರೆ ಮರ ಹುಡುಕಬೇಕು. ಹೊಂಗೆ, ಬೇವು, ಗ್ಲಿರಿಸಿಡಿಯಾ ಬದುವಿಗೂ ಬರುತ್ತವೆ, ಸೊಪ್ಪೂ ಕೊಡುತ್ತವೆ. ನೀಲಗಿರಿಯ ವೇಗ ಇವಕ್ಕಿಲ್ಲ. ಆಗ ಮೇಲಿನ ಎಕರೆ ಲೆಕ್ಕವನ್ನೂ ತಿದ್ದಿಕೊಳ್ಳಬೇಕು.

ಈಗ ಸೌದೆಗೆ ಯಾವ ಕೆಲಸ

ಹೊಸಹಳ್ಳಿ ಶುರುವಾದಾಗ ಸೌರ ಫಲಕ ಚಿನ್ನದ ಬೆಲೆಯ ವಸ್ತು. ತಂತಿ ತಲುಪದ ಊರುಗಳು ಬಹಳ. 2018ರ ಏಪ್ರಿಲಿನಲ್ಲಿ ದೇಶದ ಎಲ್ಲ ಹಳ್ಳಿಗೂ ತಂತಿ ತಲುಪಿತು ಎಂದು ಕೇಂದ್ರ ಸರ್ಕಾರ ಘೋಷಿಸಿತು. ನಾಲ್ಕು ಎಲ್‌ಇಡಿ ದೀಪಕ್ಕೆ ಇವತ್ತು ಒಂದು ಸಣ್ಣ ಫಲಕ ಸಾಕು. ದೀಪಕ್ಕಾಗಿ ಯಾರೂ ಈಗ ಗ್ಯಾಸಿಫೈಯರ್ ಇಡುವುದಿಲ್ಲ, ಇಡಲೂಬಾರದು.

ಆದರೆ ಶಾಖದ ಕೆಲಸ ಹಾಗೇ ಉಳಿದಿದೆ. ಹೊಸಹಳ್ಳಿಯ ಯಂತ್ರದಲ್ಲಿ ಸೌದೆಯ ಶಕ್ತಿಯ ಬಹುಪಾಲು ಎಂಜಿನ್ನಿನ ಬಿಸಿಯಾಗಿ, ಹೊಗೆಯಾಗಿ ಗಾಳಿಗೆ ಹೋಗುತ್ತಿತ್ತು. ಐದರಲ್ಲಿ ಒಂದು ಪಾಲು ಕರೆಂಟಾದರೆ ಅದೇ ಹೆಚ್ಚು. ಅನಿಲವನ್ನು ಎಂಜಿನ್ನಿಗೆ ಕೊಡದೆ ನೇರವಾಗಿ ಉರಿಸಿದರೆ ಆ ನಷ್ಟ ಇಲ್ಲ. ಜಿಗುಟಿನ ತಲೆನೋವೂ ಅಷ್ಟಿಲ್ಲ. ಬರ್ನರಿನಲ್ಲಿ ಅದೂ ಉರಿದು ಹೋಗುತ್ತದೆ. ಡೀಸೆಲ್ ಬೇಡ, ಕವಾಟ ಕೆಡುವ ಭಯ ಬೇಡ. ಹರಿಹರದ ಬಳಿ ಚೆಂಡುಹೂವು ಒಣಗಿಸುವ ಘಟಕದಲ್ಲಿ ವಿಜ್ಞಾನ ಸಂಸ್ಥೆಯ ಗ್ಯಾಸಿಫೈಯರ್ ಹೀಗೇ ಶಾಖಕ್ಕಾಗಿ ಓಡಿತು. ಮೊದಲು ಅಲ್ಲಿ ಸುಡುತ್ತಿದ್ದದ್ದು ಡೀಸೆಲ್. ರೇಷ್ಮೆ ಗೂಡು ಬೇಯಿಸುವ ಒಲೆಗೆ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯವರೂ ನಮ್ಮ ರಾಜ್ಯದಲ್ಲಿ ಇದೇ ದಾರಿ ಹಿಡಿದರು.

ಅಡಿಕೆ ಬೇಯಿಸುವ ಮಲೆನಾಡಿನ ಮನೆಗಳು, ಮಂಡ್ಯದ ಆಲೆಮನೆಗಳು, ರಾಮನಗರದ ನೂಲು ಬಿಚ್ಚುವ ಮನೆಗಳು, ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳು. ಇವೆಲ್ಲ ವರ್ಷವಿಡೀ ಅಥವಾ ಹಂಗಾಮಿನಲ್ಲಿ ಗಂಟೆಗಟ್ಟಲೆ ಬೆಂಕಿ ಉರಿಸುವ ಜಾಗಗಳು. ಹೊರೆ ಹುಡುಕಬೇಕಿಲ್ಲ, ಅಲ್ಲೇ ಇದೆ. ಸೌದೆ ತರುವ, ಒಣಗಿಸುವ ಅಭ್ಯಾಸವೂ ಅಲ್ಲೇ ಇದೆ. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರಡಿ, ಸಂಜೆಗೆ ಒಟ್ಟು ಮಾಡಿ, ಮಳೆ ಬಂದರೆ ಟಾರ್ಪಾಲು ಮುಚ್ಚುವ ಕೆಲಸವನ್ನು ಯಾರೂ ಕಲಿಸಿಕೊಡಬೇಕಿಲ್ಲ. ಹೊಸಹಳ್ಳಿಯ ಹುಡುಗರು ವರ್ಷಗಟ್ಟಲೆ ಕಲಿತು ಮಾಡಿದ ಆ ಕೆಲಸವನ್ನು ಆಲೆಮನೆಯವರು ಬೆಳಗ್ಗೆ ಎದ್ದ ಕೂಡಲೇ ಶುರು ಮಾಡುತ್ತಾರೆ.